ಮೊದಲ ಪುಟ ಎಲ್ಲಿ ಹೋಯ್ತು?

ಕಳೆದ ವರ್ಷ ಬೇಸಿಕ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ನಾವು ನಾಲ್ವರು ಪಾಸಾಗಿದ್ದು ಒಂದು ಜೆರಾಕ್ಸ್ ಕಟ್ಟಿನ ದಯೆಯಿಂದ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ‘ಚಿತ್ರದಲ್ಲಿ ತೋರಿಸಿದಂತೆ ಜೋಡಿಸಿ’ ಅಂತ ಒಂದೇ ಸಾಲು. ಈ ನೋಟ್ಸ್‌ನಲ್ಲಿ ಹಾಗಲ್ಲ. ಜೀನರ್ ಡಯೋಡ್ ಮೇಲೆ ಪಟ್ಟಿ ಇರೋ ಕಡೆ ಕ್ಯಾಥೋಡ್, ಅದು ಪ್ಲಸ್ ಕಡೆಗೆ ಹೋಗಬೇಕು. ಸಪ್ಲೈ ಆನ್ ಮಾಡೋ ಮೊದಲು ನಾಬ್ ಸೊನ್ನೆಗೆ ತನ್ನಿ. ರೀಡಿಂಗ್ ಬರದಿದ್ದರೆ ಗಾಬರಿ ಬೇಡ, ಕೆಲವು ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ರೈಲ್ ಮಧ್ಯದಲ್ಲಿ ಕಟ್ ಆಗಿರುತ್ತೆ, ಅಲ್ಲಿ ಒಂದು ವೈರ್ ಹಾಕಿ.

ಬರೆದವಳು ನಮ್ಮದೇ ಸೆಕ್ಷನ್ನಿನ, ಗದಗ ಕಡೆಯ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನಾವೋ ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಇಂಗ್ಲಿಷ್ ಮೀಡಿಯಂ ಜನ. ಆದರೂ ಅವಳ ನೋಟ್ಸ್ ನಮಗೆ ಅರ್ಥವಾಯ್ತು, ಮ್ಯಾನ್ಯುಯಲ್ ಆಗಲಿಲ್ಲ. ಗೊತ್ತಿಲ್ಲದವನು ಎಲ್ಲಿ ಎಡವುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಯಾಕಂದ್ರೆ ಅವಳೂ ಅಲ್ಲೇ ಎಡವಿದ್ದಳು.

ಮೊದಲ ಪುಟದಲ್ಲಿ ಅವಳ ಹೆಸರು, ಯುಎಸ್‌ಎನ್ ಬಿಟ್ಟರೆ ಏನೂ ಇರಲಿಲ್ಲ. ದುಡ್ಡು ಉಳಿಯುತ್ತೆ ಅಂತ ಅದನ್ನು ಜೆರಾಕ್ಸ್ ಮಾಡಿಸಲಿಲ್ಲ. ಆಮೇಲೆ ಅದೇ ಪ್ರತಿ ಪಿಡಿಎಫ್ ಆಯ್ತು, ಜೂನಿಯರ್ಸ್ ಕೈಗೂ ಹೋಯ್ತು.

ಈ ಸೆಮಿಸ್ಟರ್‌ನಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಒಬ್ಬ ಜೂನಿಯರ್ ಬಂದು, “ಅಣ್ಣ, ನೀವು ಬರೆದಿರೋ ನೋಟ್ಸ್ ಸಖತ್ತಾಗಿದೆ” ಅಂದ. ನಾವು “ಥ್ಯಾಂಕ್ಸ್ ಮಗಾ” ಅಂದೆವು. ಅವಳು ಪಕ್ಕದ ಟೇಬಲ್ಲಿನಲ್ಲೇ ಇದ್ದಳು. ಹೆಸರಿನ ಮಾತೇ ಎತ್ತಲಿಲ್ಲ.

“ಅಲ್ರೋ, ಏಳನೇ ಪುಟದಾಗ ರೆಸಿಸ್ಟರ್‌ದು ಒಂದು ಸೊನ್ನಿ ಬಿಟ್ಟೈತಿ. ತಿದ್ದಿ ಕೊಟ್ಟೀರೇನು?”

ಜೂನಿಯರ್ ಮುಖ ಸಣ್ಣದಾಯ್ತು. “ಹೌದಾ? ನಮ್ದು ಎರಡು ಡಯೋಡ್ ಸುಟ್ಟೋಯ್ತು. ನಮ್ದೇ ತಪ್ಪು ಅನ್ಕೊಂಡ್ವಿ. ಯಾರನ್ನ ಕೇಳೋದು ಅಂತ್ಲೂ ಗೊತ್ತಾಗ್ಲಿಲ್ಲ.”

ಹೆಸರು ಅಂದ್ರೆ ಬರೀ ಕ್ರೆಡಿಟ್ ಅಂದುಕೊಂಡಿದ್ದೆವು. ತಪ್ಪಾದಾಗ ಯಾರನ್ನು ಕೇಳಬೇಕು ಅನ್ನೋ ವಿಳಾಸವೂ ಅದೇ ಅಂತ ಅವತ್ತು ತಿಳೀತು.

ಇದು ನಮ್ಮ ಹಾಸ್ಟೆಲ್ಲಿನ ಹೊಸ ಚಾಳಿಯೇನಲ್ಲ. 1946ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಕಂಪ್ಯೂಟರಿಗೆ 500ಕ್ಕೂ ಹೆಚ್ಚು ಪುಟಗಳ ಮ್ಯಾನ್ಯುಯಲ್ ಬಂತು. ಅದನ್ನು ಮುಖ್ಯವಾಗಿ ಬರೆದವರು ಗ್ರೇಸ್ ಹಾಪರ್. ಲೇಖಕರ ಜಾಗದಲ್ಲಿ ಇರುವುದು ‘ಲ್ಯಾಬೊರೇಟರಿಯ ಸಿಬ್ಬಂದಿ’ ಅಂತ. ಕಂಪೈಲರ್ ಪಾಠದಲ್ಲಿ ಹಾಪರ್ ಹೆಸರು ಕೇಳಿದ್ದೆವು, ಮ್ಯಾನ್ಯುಯಲ್ ಬರೆದ ಹಾಪರ್ ನಮಗೆ ಗೊತ್ತೇ ಇರಲಿಲ್ಲ.

ಹೆಸರು ಎದುರಿಗೇ ಇದ್ದರೂ ನಾವು ನೋಡೋದಿಲ್ಲ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎನಿಸಿಕೊಂಡ, ಐಐಎಸ್‌ಸಿಯ ರಾಜೇಶ್ವರಿ ಚಟರ್ಜಿ ಮೈಕ್ರೋವೇವ್ ಮತ್ತು ಆಂಟೆನಾ ಬಗ್ಗೆ ಪಠ್ಯಪುಸ್ತಕ ಬರೆದವರು. ಡಾಕ್ಟರಾಗಿದ್ದ ಅನುಪಮಾ ನಿರಂಜನ ನಮಗೆ ಚಿಕ್ಕಂದಿನ ‘ದಿನಕ್ಕೊಂದು ಕಥೆ’ಯಿಂದ ಗೊತ್ತು. ಹದಿಹರೆಯದ ಹುಡುಗಿಯರಿಗೆ ಅವರದೇ ದೇಹ, ಆರೋಗ್ಯದ ಬಗ್ಗೆ ‘ಕೇಳು ಕಿಶೋರಿ’ ಬರೆದವರೂ ಅವರೇ. ಯಾರೂ ಬಾಯಿಬಿಟ್ಟು ಹೇಳದ ವಿಷಯವನ್ನು ಕನ್ನಡದಲ್ಲಿ ನೇರವಾಗಿ ಹೇಳೋದೂ ಬರವಣಿಗೆಯೇ ಅಲ್ವಾ? ಕಥೆ, ಕವಿತೆ ಬರೆದರೆ ಲೇಖಕಿ ಅನ್ನುತ್ತೇವೆ. ಸರ್ಕ್ಯೂಟ್ ಸುಡದಂತೆ, ಹುಡುಗಿ ಹೆದರದಂತೆ ಬರೆದರೆ ‘ನೋಟ್ಸ್’ ಅಂತೀವಿ, ‘ಗೈಡ್’ ಅಂತೀವಿ.

ಹೆಂಗಸರು ಬರೆದಿದ್ದೆಲ್ಲ ಸುಲಭವಾಗಿ ಅರ್ಥವಾಗುತ್ತೆ ಅಂತ ನಾವು ಹೇಳುತ್ತಿಲ್ಲ. ನಮಗೆ ದಾರಿ ತೋರಿಸಿದ ಬರವಣಿಗೆ ಯಾರದು ಅಂತ ಒಮ್ಮೆ ಹಿಂತಿರುಗಿ ನೋಡೋಣ ಅಂತಷ್ಟೇ.

ಹೊಸ ಪಿಡಿಎಫ್‌ನಲ್ಲಿ ಮೊದಲ ಪುಟ ವಾಪಸ್ ಬಂದಿದೆ. ಏಳನೇ ಪುಟದ ಸೊನ್ನೆಯೂ ಬಂದಿದೆ. ಅವಳ ಹೆಸರಿನ ಕೆಳಗೆ ‘ತಪ್ಪು ಕಂಡರೆ ಇವರನ್ನು ಕೇಳಿ’ ಅಂತ ನಾವೇ ಕನ್ನಡದಲ್ಲಿ ಬರೆದೆವು. ಈ ಲೇಖನದಲ್ಲೂ ಹೆಸರು ಹಾಕೋಣ ಅಂದಿದ್ದಕ್ಕೆ, “ಇಲ್ಲಿ ಬ್ಯಾಡ, ನೋಟ್ಸ್ ಮ್ಯಾಲ ಇದ್ರ ಸಾಕು” ಅಂದಳು. ಆಮೇಲೆ ಇದನ್ನು ಪೂರ್ತಿ ಓದಿ, ಪೆನ್ ತಗೊಂಡು, ನಮ್ಮ ಒಂಬತ್ತು ಒತ್ತಕ್ಷರ ತಿದ್ದಿಕೊಟ್ಟಳು.