ನಲವತ್ತೇಳನೆಯ ವರ್ಣತಂತು

1958ರ ಮೇ ತಿಂಗಳು. ಪ್ಯಾರಿಸ್‌ನ ಪೂರ್ವ ಭಾಗದಲ್ಲಿರುವ ಟ್ರೂಸೋ ಮಕ್ಕಳ ಆಸ್ಪತ್ರೆಯ ಹಳೆಯ ಕೋಣೆಯೊಂದರಲ್ಲಿ ನಿಂತಿದ್ದೀರಿ. ನೀರು, ಗ್ಯಾಸ್, ಕರೆಂಟ್ ಇವೆ. ಒಂದು ಫ್ರಿಜ್, ಒಂದು ಸೆಂಟ್ರಿಫ್ಯೂಜ್, ಒಂದು ಬೀರು, ಅಷ್ಟೇನೂ ಚೆನ್ನಾಗಿ ಕಾಣಿಸದ ಒಂದು ಮೈಕ್ರೋಸ್ಕೋಪ್. ಅಷ್ಟೇ. ಗಾಜಿನ ಸಾಮಾನುಗಳಿಗೆ ಯಾರೂ ಹಣ ಕೊಟ್ಟಿಲ್ಲ. ಈ ಕೋಣೆಯ ಒಡತಿ, ಮಕ್ಕಳ ಹೃದ್ರೋಗ ವೈದ್ಯೆ ಮಾರ್ತ್ ಗೋತ್ಯೆ, ಒಂದು ಲಕ್ಷ ಫ್ರಾಂಕ್ ಸಾಲ ಮಾಡಿ ತಂದುಕೊಂಡಿದ್ದಾರೆ.

ಹೊರಗೆ ಅಂಗಳದಲ್ಲಿ ಒಂದು ಹುಂಜ ಓಡಾಡುತ್ತಿದೆ. ಆಸ್ಪತ್ರೆಯಲ್ಲಿ ಹುಂಜಕ್ಕೇನು ಕೆಲಸ ಎನ್ನಬೇಡಿ, ಅದೂ ಲ್ಯಾಬಿನ ಸಿಬ್ಬಂದಿಯೇ. ಅದರ ರಕ್ತದ ಪ್ಲಾಸ್ಮಾ ಹೆಪ್ಪುಗಟ್ಟಿದರೇನೇ ಅಂಗಾಂಶದ ಚೂರು ಗಾಜಿಗೆ ಅಂಟಿ ಕೂರುವುದು. 11 ದಿನ ಕಾವು ಕಂಡ ಮೊಟ್ಟೆಯೊಳಗಿನ ಭ್ರೂಣದ ಸಾರ ಜೀವಕೋಶಗಳನ್ನು ಬೆಳೆಯಲು ಹುರಿದುಂಬಿಸುತ್ತದೆ. ಇನ್ನು ಮನುಷ್ಯರ ಸೀರಮ್. ಅದಕ್ಕೆ ಗೋತ್ಯೆ ತಮ್ಮ ತೋಳನ್ನೇ ಚಾಚುತ್ತಾರೆ. ಖರ್ಚಿಲ್ಲ, ಬೇರೆಯವರ ಸೋಂಕಿನ ಭಯವೂ ಇಲ್ಲ. ರೈತರ ಮನೆಯ ಮಗಳು. ಹುಂಜ ಸಾಕುವುದು ಆಕೆಗೆ ದೊಡ್ಡ ವಿಷಯವಲ್ಲ. ಕೋಶಗಳನ್ನು ಬೆಳೆಸುವ ವಿದ್ಯೆಯನ್ನು ಅಮೆರಿಕದ ಹಾರ್ವರ್ಡ್‌ನಲ್ಲಿ ಕಲಿತು ಬಂದಿದ್ದಾರೆ. ಇಡೀ ವಿಭಾಗದಲ್ಲಿ ಅದು ಬೇರೆ ಯಾರಿಗೂ ಗೊತ್ತಿಲ್ಲ.

ಅಂದಹಾಗೆ ಹುಡುಕಾಟ ಯಾವುದರದು? ವಿಭಾಗದ ಮುಖ್ಯಸ್ಥ ರೇಮೊಂ ಟುರ್ಪ್ಯಾನ್‌ಗೆ 1930ರ ದಶಕದಿಂದಲೂ ಒಂದು ಗುಮಾನಿ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ವಿವರಿಸಿದ ಮಕ್ಕಳಿದ್ದಾರಲ್ಲ, ಓರೆಗಣ್ಣು, ಚಪ್ಪಟೆ ಮುಖ, ಸಡಿಲ ಸ್ನಾಯು, ನಿಧಾನವಾದ ಬುದ್ಧಿ ಬೆಳವಣಿಗೆ, ಅರ್ಧಕ್ಕರ್ಧ ಮಕ್ಕಳಲ್ಲಿ ಹೃದಯದ ದೋಷ, ಅವರ ತೊಂದರೆಯ ಬೇರು ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳಲ್ಲೇ ಇರಬಹುದು ಎಂದು. ಆದರೆ ಎಣಿಸುವುದು ಹೇಗೆ? ಮನುಷ್ಯನಿಗೆ 48 ವರ್ಣತಂತುಗಳೆಂದು ಮೂರು ದಶಕ ಜಗತ್ತೇ ನಂಬಿಕೊಂಡಿತ್ತು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟ್ಜಿಯೋ 1955ರ ಡಿಸೆಂಬರ್‌ನಲ್ಲಿ ಎಣಿಸಿ, ಮರುವರ್ಷ ಆಲ್ಬರ್ಟ್ ಲೆವಾನ್ ಜೊತೆ ಪ್ರಕಟಿಸಿದ ಮೇಲಷ್ಟೇ 46 ಎಂಬುದು ಖಚಿತವಾಗಿದ್ದು.

ಹತ್ತಿರ ಬನ್ನಿ. ಡೌನ್ ಲಕ್ಷಣಗಳಿರುವ ಒಬ್ಬ ಹುಡುಗನ ಅಂಗಾಂಶದ ಚೂರು ಗಾಜಿನ ಮೇಲೆ ಬೆಳೆದಿದೆ. ಅಂಚಿನಲ್ಲಿ ಕೋಶಗಳು ಹೊರಟು ಹರಡಿವೆ, ಕೆಲವು ಒಡೆದು ಎರಡಾಗುವ ಹಂತದಲ್ಲಿವೆ. ಆ ಗಳಿಗೆಯಲ್ಲಿ ಮಾತ್ರ ವರ್ಣತಂತುಗಳು ದಪ್ಪಗೆ ಕಾಣುವುದು. ಗೋತ್ಯೆ ಮೇಲೆ ತೆಳ್ಳನೆಯ ದ್ರವ ಹನಿಸುತ್ತಾರೆ. ಕೋಶ ನೀರು ಕುಡಿದು ಉಬ್ಬುತ್ತದೆ. ಮುದ್ದೆಯಾಗಿದ್ದ ವರ್ಣತಂತುಗಳು ಮೊರದಲ್ಲಿ ಹರವಿದ ಕಾಳಿನಂತೆ ಬಿಡಿಬಿಡಿಯಾಗುತ್ತವೆ. ಸ್ಥಿರಗೊಳಿಸಿ, ಗಾಳಿಗೆ ಒಣಗಿಸಿ, ಬಣ್ಣ ಹಾಕಿ, ಸ್ಲೈಡನ್ನು ನಿಮ್ಮತ್ತ ಸರಿಸುತ್ತಾರೆ.

ಕಣ್ಣಿಟ್ಟು ನೋಡಿ. ಉದ್ದನೆಯವು, ನಡುಗಾತ್ರದವು, ಮೂಲೆಯಲ್ಲಿ ಚುಕ್ಕಿಗಳಷ್ಟೇ ಪುಟ್ಟವು. ಒಂದರ ಮೇಲೊಂದು ಬಿದ್ದಿದ್ದರೆ ಲೆಕ್ಕ ತಪ್ಪುತ್ತದೆ, ಅಂಥ ಕೋಶವನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು. ಇದಕ್ಕೂ ಮುಂಚೆ, ಬೇರೆ ಶಸ್ತ್ರಚಿಕಿತ್ಸೆಗೆ ಬಂದಿದ್ದ ಸಾಮಾನ್ಯ ಮಕ್ಕಳ ಕೋಶಗಳನ್ನು ಎಣಿಸಿದಾಗ ಸಿಕ್ಕಿದ್ದು 46. ಇಲ್ಲಿ 47. ಇನ್ನೊಂದು ಕೋಶ, ಮತ್ತೆ 47. ಮತ್ತೊಂದರಲ್ಲೂ ಅಷ್ಟೇ. ಹೆಚ್ಚಿಗೆ ಇರುವುದು ಆ ಪುಟ್ಟ ಚುಕ್ಕಿಗಳಲ್ಲೊಂದು. ಮುಂದೆ ಅದಕ್ಕೆ 21 ಎಂಬ ಸಂಖ್ಯೆ ಬೀಳುತ್ತದೆ. ಗಾತ್ರದ ಕ್ರಮದಲ್ಲಿ ಲೆಕ್ಕ ಹಾಕಿದ್ದರೆ ಅದು 22 ಆಗಬೇಕಿತ್ತು, ಏಕೆಂದರೆ ಎಲ್ಲಕ್ಕಿಂತ ಚಿಕ್ಕದು ಅದೇ. ತಪ್ಪು ಗೊತ್ತಾಗುವ ಹೊತ್ತಿಗೆ ಹೆಸರು ರೂಢಿಯಾಗಿತ್ತು.

ಈ ಎಣಿಕೆಯ ಅರ್ಥ ಏನೆಂದು ತಿಳಿಯಲು ಪಕ್ಕದ ವಾರ್ಡಿನ ತಾಯಂದಿರನ್ನು ನೆನೆಯಿರಿ. ಸಿಫಿಲಿಸ್ ಇತ್ತೇ, ಮನೆಯಲ್ಲಿ ಕುಡಿತವಿತ್ತೇ ಎಂಬ ಅನುಮಾನ ಇಂಥ ಮಕ್ಕಳ ತಂದೆತಾಯಿಯರನ್ನು ಕಾಡುತ್ತಿದ್ದ ಕಾಲ ಅದು. ನಮ್ಮಲ್ಲಿ ಗ್ರಹಣದ ದೋಷ, ಹಿಂದಿನ ಜನ್ಮದ ಕರ್ಮ ಎನ್ನುವವರು ಈಗಲೂ ಕಡಿಮೆಯೇನಿಲ್ಲ. ಸ್ಲೈಡಿನಲ್ಲಿ ಕಾಣುತ್ತಿರುವುದು ಇದ್ಯಾವುದೂ ಅಲ್ಲ. ಹೆಣ್ಣುಮಗುವಿನ ಅಂಡಾಣುಗಳು ಆಕೆ ಹುಟ್ಟುವ ಮೊದಲೇ, ತನ್ನ ತಾಯಿಯ ಗರ್ಭದಲ್ಲಿರುವಾಗಲೇ ವಿಭಜನೆ ಶುರುಮಾಡಿ ಅರ್ಧಕ್ಕೆ ನಿಲ್ಲುತ್ತವೆ. ಉಳಿದರ್ಧ ನಡೆಯುವುದು ಹದಿನೈದು, ಮೂವತ್ತು, ನಲವತ್ತು ವರ್ಷಗಳ ನಂತರ. ಅಷ್ಟು ಕಾಲ ವರ್ಣತಂತುಗಳ ಜೋಡಿಯನ್ನು ಹಿಡಿದಿಟ್ಟ ಕಟ್ಟು ಸಡಿಲಾದರೆ 21ರ ಎರಡೂ ಪ್ರತಿಗಳು ಒಂದೇ ಕಡೆಗೆ ಹೋಗಬಹುದು, ತಂದೆಯದೂ ಸೇರಿದರೆ ಮೂರಾಗುತ್ತವೆ. ಇಪ್ಪತ್ತರ ತಾಯಿಗೆ ಸುಮಾರು 1,500ರಲ್ಲಿ ಒಂದು ಇದ್ದ ಸಾಧ್ಯತೆ ನಲವತ್ತಕ್ಕೆ 100ರಲ್ಲಿ ಒಂದರ ಆಸುಪಾಸಿಗೆ ಏರುವುದು ಇದರಿಂದಲೇ. ಕೆಲವೊಮ್ಮೆ ತಂದೆಯ ವೀರ್ಯಾಣುವಿನಲ್ಲೂ ಹೀಗಾಗುತ್ತದೆ.

ಇದೇ ಎಡವಟ್ಟು ಯಾವ ವರ್ಣತಂತುವಿನಲ್ಲಾದರೂ ಆಗಬಹುದು, ಆಗುತ್ತದೆ ಕೂಡ. ಅಂಥ ಬಹುಪಾಲು ಭ್ರೂಣಗಳು ಉಳಿಯುವುದಿಲ್ಲ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ವರ್ಣತಂತುಗಳ ದೋಷವೇ ಕಾರಣ. 13 ಅಥವಾ 18ನೆಯ ವರ್ಣತಂತು ಮೂರಾದರೆ ಮಗು ಹುಟ್ಟಬಹುದು, ಆದರೆ ಹೆಚ್ಚಿನವು ಮೊದಲ ವರ್ಷ ದಾಟುವುದಿಲ್ಲ. ಲಿಂಗ ವರ್ಣತಂತುಗಳಲ್ಲಿ ಏರುಪೇರಾದರೆ ಪೆಟ್ಟು ಅಷ್ಟು ಬಲವಾಗಿರುವುದಿಲ್ಲ. ಹುಡುಗನಿಗೆ ಒಂದು ಎಕ್ಸ್ ವರ್ಣತಂತು ಹೆಚ್ಚಾದರೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಹುಡುಗಿಗೆ ಒಂದೇ ಎಕ್ಸ್ ಇದ್ದರೆ ಟರ್ನರ್ ಸಿಂಡ್ರೋಮ್. ಇವೆರಡರ ಲೆಕ್ಕವೂ 1959ರಲ್ಲೇ ಬ್ರಿಟನ್ನಿನಲ್ಲಿ ಸಿಕ್ಕಿತು. ಡೌನ್ ಮಕ್ಕಳಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಗೆ ಹೆಚ್ಚಿನ 21 ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಅಂಥ ಮನೆಗಳಲ್ಲಿ ಮುಂದಿನ ಮಗುವಿಗೂ ಅಪಾಯವಿರಬಹುದು. ಹಾಗಾಗಿ ಮುಖ ನೋಡಿ ಡೌನ್ ಎಂದು ಗುರುತಿಸಿದರೆ ಸಾಲದು, ವರ್ಣತಂತುಗಳನ್ನು ಎಣಿಸಿ ಜೋಡಿಸಿ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಮಾಡಿಸಲೇಬೇಕು.

ಕೋಣೆಗೆ ಮರಳೋಣ. ಸ್ಲೈಡುಗಳು ಸಿದ್ಧವಿವೆ, ಆದರೆ ಈ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಯಲಾಗದು. ಟುರ್ಪ್ಯಾನ್ ಅವರ ಬಳಿ ಕೆಲಸ ಮಾಡುವ ಯುವ ಸಂಶೋಧಕ ಜೆರೋಮ್ ಲೆಜೂನ್ ಆಗಾಗ ಬಂದುಹೋಗುತ್ತಾರೆ. ಬೇರೆ ಕಡೆ ಫೋಟೋ ತೆಗೆಸಿಕೊಡುತ್ತೇನೆಂದು ಸ್ಲೈಡುಗಳನ್ನು ಒಯ್ಯುತ್ತಾರೆ. ಫೋಟೋಗಳು ಈ ಕೋಣೆಗೆ ಬರುವುದಿಲ್ಲ. ಆ ವರ್ಷವೇ ಲೆಜೂನ್ ಮಾಂಟ್ರಿಯಲ್‌ನಲ್ಲಿ ಸುದ್ದಿ ಹೇಳುತ್ತಾರೆ. 1959ರ ಜನವರಿ 26ರಂದು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಬಂದ ಲೇಖನದಲ್ಲಿ ಮೊದಲ ಹೆಸರು ಲೆಜೂನ್, ಕೊನೆಯದು ಟುರ್ಪ್ಯಾನ್. ನಡುವೆ ಗೋತ್ಯೆ, ಅದೂ ಕಾಗುಣಿತ ತಪ್ಪಿ.

ಇದೆಲ್ಲ ಗೋತ್ಯೆ 2009ರಲ್ಲಿ ಬರೆದ ನೆನಪಿನ ಪ್ರಕಾರ. ಮೊದಲು ಎಣಿಸಿದ್ದು ಲೆಜೂನ್ ಎಂದು ಅವರ ಹೆಸರಿನ ಪ್ರತಿಷ್ಠಾನ ವಾದಿಸುತ್ತದೆ. 2014ರ ಜನವರಿಯಲ್ಲಿ ಬೋರ್ಡೋದ ಸಮ್ಮೇಳನವೊಂದರಲ್ಲಿ 88ರ ಗೋತ್ಯೆ ಈ ಕತೆ ಹೇಳಬೇಕಿತ್ತು. ಮಾತು ದಾಖಲಿಸಿಕೊಳ್ಳಲು ಪ್ರತಿಷ್ಠಾನ ಕೋರ್ಟಿನ ಅನುಮತಿ ಪಡೆದು ಅಧಿಕಾರಿಗಳನ್ನು ಕಳಿಸಿತು, ಸಂಘಟಕರು ಭಾಷಣವನ್ನೇ ರದ್ದು ಮಾಡಿದರು. ಅದೇ ವರ್ಷ ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್‌ನ ನೈತಿಕ ಸಮಿತಿ, ಪತ್ತೆಯಲ್ಲಿ ಲೆಜೂನ್ ಪಾತ್ರವೇ ಪ್ರಧಾನವಾಗಿದ್ದಿರುವ ಸಂಭವ ಕಡಿಮೆ ಎಂದಿತು. ಗೋತ್ಯೆ 2022ರ ಏಪ್ರಿಲ್ 30ರಂದು ತೀರಿಕೊಂಡರು. ಜಗತ್ತಿಗೆ ಪತ್ತೆಯನ್ನು ಸಾರಿದ, ಅದರ ಮೇಲೆ ಬದುಕಿಡೀ ದುಡಿದ ಶ್ರೇಯ ಲೆಜೂನ್ ಅವರದು, ಅದನ್ನು ಕಸಿಯಬೇಕಿಲ್ಲ. ಆದರೆ ಸಾಲ ಮಾಡಿ, ಹುಂಜ ಸಾಕಿ, ತನ್ನ ರಕ್ತ ಕೊಟ್ಟು ಆ ಕೋಶಗಳನ್ನು ಬೆಳೆಸಿದವರ ಹೆಸರೇ ಆ ಲೇಖನದಲ್ಲಿ ಮೊದಲು ಇರಬೇಕಿತ್ತು.