ನಂಜನಗೂಡಿನ ಕೆಂಚ ‘ಶರಣು’ ಅಂದ!

ಮೈಸೂರಿನಿಂದ ಊಟಿ ರಸ್ತೆ ಹಿಡಿದು 23 ಕಿಲೋಮೀಟರ್ ಬಂದರೆ ನಂಜನಗೂಡು. ಕಿಟಕಿ ಪಕ್ಕದ ಸೀಟು ಸಿಕ್ಕಿದ ಪುಣ್ಯವಂತನಿಗೆ ಮೊದಲು ಕಪಿಲಾ ನದಿ, ಅದರ ಮೇಲೆ 1735ರ ಹಳೇ ಸೇತುವೆ, ಆಮೇಲೆ ಶ್ರೀಕಂಠೇಶ್ವರನ 120 ಅಡಿ ಗೋಪುರ ಕಾಣುತ್ತವೆ. ಬಂದವರೆಲ್ಲ ನಂಜುಂಡನಿಗೆ ಕೈ ಮುಗಿದು, ರಸಬಾಳೆ ಸಿಕ್ಕರೆ ಒಂದು ಚಿಪ್ಪು ಕೊಂಡು, ಹಲ್ಲುಪುಡಿ ಜೇಬಿಗಿಟ್ಟು ವಾಪಸ್ ಬಸ್ಸು ಹತ್ತುತ್ತಾರೆ. ನಾನು ಹೋಗಿದ್ದು ಒಂದು ನಾಯಿಯನ್ನು ನೋಡೋದಕ್ಕೆ!

ನಗಬೇಡಿ ಸ್ವಾಮೀ. ಇದು ಕೂಡ ಸಿನಿಮಾ ಸುದ್ದಿಯೇ.

ಸ್ನಾನಘಟ್ಟದ ಮೇಲೆ ಒಂದು ಲಗೇಜ್ ಆಟೋ. ಹಿಂದುಗಡೆ ಬಾಳೆಗೊನೆ, ಮುಂದುಗಡೆ ಡ್ರೈವರ್ ಪಕ್ಕ ಕೆಂಚ. ಅವನ ಜಾತಿ ಗೋತ್ರ ಕೇಳಬೇಡಿ. ಅಪ್ಪಟ ಬೀದಿ ತಳಿ. ಕೆಂಚು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು. ಕೊರಳಲ್ಲಿ ಪಟ್ಟಿ. ಡ್ರೈವರ್‌ಗೆ ಇಪ್ಪತ್ನಾಲ್ಕು ವರ್ಷ ಇರಬಹುದು. “ನನ್ ಹೆಸರು ಹಾಕ್ಬೇಡಿ ಸಾರ್, ನಾಯೀದು ಮಾತ್ರ ಹಾಕಿ. ಹೀರೋ ಅವ್ನೇ” ಅಂದ.

ಹೀರೋ ಕೆಳಗಿಳಿದ. ಡ್ರೈವರ್ ಮೆಲ್ಲಗೆ “ಶರಣು” ಅಂದ. ಕೆಂಚ ಮುಂಗಾಲು ಚಾಚಿ, ಮೊಣಕೈ ನೆಲಕ್ಕೂರಿ, ತಲೆ ತಗ್ಗಿಸಿ, ಹಿಂಭಾಗ ಮಾತ್ರ ಆಕಾಶಕ್ಕೆ ಎತ್ತಿ ಬಾಲ ಆಡಿಸಿದ! ಪರಶಿವನ ಊರಲ್ಲಿ ಇಷ್ಟು ಚಂದದ ನಮಸ್ಕಾರ ಮನುಷ್ಯರೂ ಮಾಡೋದಿಲ್ಲ. ನೀರಿನಿಂದ ಎದ್ದು ಬಂದ ಒಬ್ಬ ಅಜ್ಜಿ ನಕ್ಕು ನಕ್ಕು, ಅವನ ಮುಂದೆ ಎರಡು ರೂಪಾಯಿ ನಾಣ್ಯ ಇಟ್ಟರು. ಕೆಂಚ ಅದನ್ನು ಮೂಸಿ, “ಇದೇನಿದು, ಕರಾರಿನಲ್ಲಿ ಇಲ್ಲದ್ದು” ಅನ್ನೋ ಹಾಗೆ ಡ್ರೈವರ್ ಮುಖ ನೋಡಿದ. ಅವನ ಸಂಬಳ ಬೇಯಿಸಿದ ಮೊಟ್ಟೆಯ ಚೂರು. ಬಂತು. ನುಂಗಿದ.

ಕೋಲಿಲ್ಲ, ಮೊಟ್ಟೆ ಇದೆ

“ಹೇಗಪ್ಪಾ ಕಲಿಸಿದೆ?” ಅಂದೆ.

“ನಾನ್ ಕಲಿಸ್ಲಿಲ್ಲ ಸಾರ್. ಅವ್ನೇ ಮಾಡ್ತಿದ್ದ, ನಾನು ಕೂಲಿ ಕೊಟ್ಟು ಕೊಂಡ್ಕೊಂಡೆ!”

ಈ ಮಾತಿನಲ್ಲಿ ಇಡೀ ವಿದ್ಯೆ ಇದೆ. ಪ್ರತಿ ನಾಯಿಯೂ ಬೆಳಿಗ್ಗೆ ಎದ್ದ ಕೂಡಲೆ ಮೈ ಮುರಿಯುತ್ತೆ. ಮುಂಗಾಲು ಚಾಚಿ ಬೆನ್ನು ತಗ್ಗಿಸುತ್ತೆ. ಜೊತೆಗಾರ ನಾಯಿಯನ್ನು ಆಟಕ್ಕೆ ಕರೆಯುವಾಗಲೂ ಅದೇ ಭಂಗಿ. ನಮ್ಮ ಹುಡುಗ ಮೊಟ್ಟೆ ಚೂರು ಮುಷ್ಟಿಯಲ್ಲಿಟ್ಟುಕೊಂಡು ಕೆಂಚ ಏಳೋದನ್ನೇ ಕಾಯುತ್ತಿದ್ದ. ಮೊಣಕೈ ನೆಲ ಮುಟ್ಟಿದ ಕ್ಷಣಕ್ಕೆ ಸರಿಯಾಗಿ “ಭಲೇ!” ಅನ್ನೋದು, ತಕ್ಷಣ ಚೂರು ಕೊಡೋದು. ಮೊದಲ ದಿನಗಳಲ್ಲಿ ಕೆಂಚನಿಗೆ ಏನೂ ಹೊಳೆಯಲಿಲ್ಲವಂತೆ. ಒಂದು ದಿನ ಬೆಳಗಾಗಿ ಎಷ್ಟೋ ಹೊತ್ತಾದ ಮೇಲೆ, ಮೈ ಮುರಿಯುವ ಅಗತ್ಯವೇ ಇಲ್ಲದಾಗ, ಎದುರು ಬಂದು ನಿಂತು, ಮುಖ ನೋಡುತ್ತಾ, ಬೇಕಂತಲೇ ಬಗ್ಗಿದ. “ಆವತ್ತು ನಾಯಿ ನನ್ಗೇ ಪಾಠ ಮಾಡ್ತಿದೆ ಅನ್ನಿಸ್ತು ಸಾರ್” ಅಂದ ಹುಡುಗ.

‘ಶರಣು’ ಅನ್ನೋ ಮಾತು ಬಂದದ್ದು ಆಮೇಲೆ. ಇದನ್ನು ಗಮನಿಸಿ. ನಾವೆಲ್ಲ ಮೊದಲು ಅಪ್ಪಣೆ ಕೊಡ್ತೀವಿ, ನಾಯಿ ಮಾಡದಿದ್ದರೆ ಕಿರುಚ್ತೀವಿ. ಅರ್ಥವೇ ಗೊತ್ತಿಲ್ಲದ ಮಾತನ್ನು ಎಷ್ಟು ಕಿರುಚಿದರೆ ಏನು ಬಂತು? ನಾಯಿ ಆ ಭಂಗಿಯನ್ನು ತಾನಾಗಿ ಕೊಡಲು ಶುರುಮಾಡಿದ ಮೇಲೆ, ಅದು ಬಗ್ಗುವ ಗಳಿಗೆಗೆ ಮುಂಚೆ ಹೆಸರು ಹೇಳಬೇಕು. ಹತ್ತಾರು ಸಲಕ್ಕೆ ಹೆಸರೂ ಭಂಗಿಯೂ ಅಂಟಿಕೊಳ್ಳುತ್ತವೆ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೂ ಐದೇ ನಿಮಿಷ. ನಾಯಿಗೆ ಬೇಜಾರಾಗುವ ಮುಂಚೆಯೇ ನಿಲ್ಲಿಸಬೇಕು. ಪಳಗಿದ ಮೇಲೆ ಪ್ರತಿ ಸಲವೂ ಚೂರು ಬೇಡ. ಒಮ್ಮೆ ಕೊಟ್ಟು, ಎರಡು ಸಲ ಬಿಟ್ಟು, ಮತ್ತೆ ಕೊಟ್ಟರೆ ಆಸೆ ಇನ್ನೂ ಬಿಗಿಯಾಗುತ್ತೆ. ಹೆಂಗೂ ನಮ್ಮ ಪ್ರೇಕ್ಷಕರೂ ಹಾಗೇ ತಾನೇ? ಹತ್ತು ಚಿತ್ರದಲ್ಲಿ ಎರಡು ಚೆನ್ನಾಗಿದ್ದರೂ ಪ್ರತಿ ಶುಕ್ರವಾರ ಕ್ಯೂ ನಿಲ್ಲುತ್ತಾರೆ.

‘ಭಲೇ’ ಅನ್ನೋದು ನಿರ್ದೇಶಕ ಹೇಳುವ ‘ಓಕೆ’ ಇದ್ದ ಹಾಗೆ. ಯಾವ ಶಾಟ್ ಓಕೆ ಆಯ್ತು ಅಂತ ನಟನಿಗೆ ಆ ಗಳಿಗೆಯಲ್ಲೇ ತಿಳಿಯಬೇಕು. ನಾಯಿ ಬಗ್ಗಿ, ಎದ್ದು, ಬಾಲ ಕೆರೆದುಕೊಂಡ ಮೇಲೆ ಮೊಟ್ಟೆ ಕೊಟ್ಟರೆ, ಬಾಲ ಕೆರೆದದ್ದಕ್ಕೆ ಸಂಭಾವನೆ ಅಂದುಕೊಳ್ಳುತ್ತೆ!

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದ. ಗುರುತಿಗೆ ಅವನು ಸೂಚಿಸಿದ್ದು ಮಕ್ಕಳ ‘ಟಿಕ್ ಟಿಕ್’ ಆಟಿಕೆ. ನಮ್ಮ ಜಾತ್ರೆಗಳಲ್ಲಿ ಮಾರುವ ತಗಡಿನ ಕಪ್ಪೆಯ ಅಣ್ಣತಮ್ಮ ಅದು. ಕ್ಯಾರೆನ್ ಪ್ರಯರ್ ಎಂಬಾಕೆ 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿ ಊದಿ, ಮೀನು ಕೊಟ್ಟು ಕಲಿಸಿದಳು. ಡಾಲ್ಫಿನ್‌ಗೆ ಹಗ್ಗ ಬಿಗಿಯೋಕಾಗಲ್ಲ, ಹೊಡೆಯೋಕೆ ಹೋದರೆ ಈಜಿ ಹೋಗುತ್ತೆ. ಕೋಲು ಉಪಯೋಗಕ್ಕೆ ಬಾರದ ಕಡೆ ಬುದ್ಧಿ ಉಪಯೋಗಿಸಲೇಬೇಕಾಯ್ತು!

ಇದೇ ನದಿಯ ಮೇಲ್ದಂಡೆ

ಕಪಿಲೆಗೆ ಈ ವಿಷಯದಲ್ಲಿ ಹಳೇ ನೆನಪುಗಳಿವೆ. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಹೋದಾಗ ನಂಜುಂಡನಿಗೆ ಹರಕೆ ಹೊತ್ತು ದೃಷ್ಟಿ ಬಂತು, ಅದಕ್ಕೇ ಅವನು ‘ಹಕೀಂ ನಂಜುಂಡ’ ಆದ ಅನ್ನೋ ಕಥೆ ಇಲ್ಲಿ ಎಲ್ಲರ ಬಾಯಲ್ಲಿ. ಆದರೆ ನದಿಯ ಮೇಲ್ಗಡೆ ಕಾಕನಕೋಟೆಯಲ್ಲಿ ಆನೆಗಳ ಪಾಡೇ ಬೇರೆ. ಕಾಡಾನೆ ಹಿಂಡನ್ನು ಖೆಡ್ಡಾಕ್ಕೆ ಅಟ್ಟಿ, ಹಗ್ಗದಲ್ಲಿ ಕಟ್ಟಿ, ಹಸಿವು, ಅಂಕುಶಗಳಿಂದ ಅದರ ಹಟ ಮುರಿದು ಪಳಗಿಸುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಲ್ಲೇ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗನೇ ಸಾಬು! 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್ ಮುಟ್ಟಿದ ನಮ್ಮ ಜಿಲ್ಲೆಯ ಹುಡುಗ. ಜಗತ್ತು ಚಪ್ಪಾಳೆ ತಟ್ಟಿದ್ದು ಸಾಬುಗೆ. ಆನೆ ಹೇಗೆ ಕಲಿಯಿತು ಅಂತ ಯಾರೂ ಕೇಳಲಿಲ್ಲ.

ನಾಯಿಗಳ ಸಿನಿಮಾ ನಮಗೆ ಹೊಸದಲ್ಲ. ಶಂಕರ್‌ನಾಗ್ ನಟಿಸಿದ ‘ತಾಳಿಯ ಭಾಗ್ಯ’ 1984ರದು. ಅದೇ ಹಿಂದಿಗೆ ಹೋಗಿ 1985ರಲ್ಲಿ ಜಾಕಿ ಶ್ರಾಫ್‌ನ ‘ತೇರಿ ಮೆಹರ್ಬಾನಿಯಾಂ’ ಆಯ್ತು. ಹಿಂದಿಯದನ್ನು ನಿರ್ದೇಶಿಸಿದವರು ನಮ್ಮ ‘ಗಂಧದ ಗುಡಿ’ಯ ವಿಜಯ್ ರೆಡ್ಡಿಯವರೇ. ಆದರೆ ನಾಯಿಗೆ ಕಲಿಸಿದ್ದು ಯಾರು ಅಂತ ಆಗ ಯಾವ ಅಭಿಮಾನಿ ವಿಚಾರಿಸಿದ? 2022ರ ಜೂನ್ 10ರಂದು ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ ಬಂತು ನೋಡಿ, ಲೆಕ್ಕ ಬದಲಾಯ್ತು. ರಕ್ಷಿತ್ ಶೆಟ್ಟಿಯ ಜೊತೆಗೆ ತರಬೇತುದಾರ ಪ್ರಮೋದ್ ಬಿ.ಸಿ. ಹೆಸರೂ ಪತ್ರಿಕೆಗಳಲ್ಲಿ ಬಂತು. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಅದನ್ನು ನೋಡಿ ಬೀದಿ ಬೀದಿಗೆ ಒಬ್ಬೊಬ್ಬ ಚಾರ್ಲಿ ಹುಟ್ಟಿಕೊಂಡ. ಹೆಸರಿಡೋದು ಸುಲಭ. ನಮ್ಮ ಡ್ರೈವರ್ ಮಾತ್ರ ಹೆಸರು ಬಿಟ್ಟು ಕೆಲಸ ಹಿಡಿದ.

ತವರೂರಿನಲ್ಲಿ ಹೀರೋ ಫ್ಲಾಪ್!

ಗೊನೆ ಇಳಿಸೋದು ಟಿ. ನರಸೀಪುರದಲ್ಲಿ. ನಾನೂ ಆಟೋ ಹತ್ತಿದೆ. ಸುತ್ತೂರು ದಾಟಿ, ಗದ್ದೆ, ತೆಂಗು, ಮತ್ತೆ ಗದ್ದೆ. ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲು ಅದು. 1989ರಿಂದ ಕುಂಭಮೇಳ ನಡೆಯುವ ಜಾಗ, ಪಿಟೀಲು ಚೌಡಯ್ಯನವರ ಊರು. ಗುಂಜಾ ನರಸಿಂಹಸ್ವಾಮಿ ಗುಡಿಯ ಮುಂದೆ ನಿಂತರೆ ಯಾರಾದರೂ ಹೇಳ್ತಾರೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ. ಕೆಂಚನ ಸಂಬಳದ ಚೂರೂ ಗುಲಗಂಜಿಗಿಂತ ಒಂದಿಷ್ಟೇ ದಪ್ಪ. ಗಾತ್ರ ಮಾತ್ರ ಅದು, ಕಾಳು ಕೊಟ್ಟೀರಿ ಜೋಕೆ, ವಿಷ! ಚಾಕಲೇಟು, ದ್ರಾಕ್ಷಿ, ಈರುಳ್ಳಿ ಕೂಡ ನಾಯಿಗೆ ಆಗೋದಿಲ್ಲ.

ಕೆಂಚ ಹುಟ್ಟಿದ್ದು ಈ ಊರ ಬಸ್ ನಿಲ್ದಾಣದ ಹಿಂದೆ. ಎರಡು ವರ್ಷದ ಕೆಳಗೆ ಮರಿಯಾಗಿದ್ದಾಗ ಡ್ರೈವರ್ ಎತ್ತಿಕೊಂಡು ಹೋದ. ಈಗ ನಿಲ್ದಾಣದ ಎದುರಿನ ಟೀ ಅಂಗಡಿ ಮುಂದೆ ಇಳಿಸಿ “ಶರಣು” ಅಂದರೆ... ಕೆಂಚ ಆಕಾಶ ನೋಡಿದ. ಇನ್ನೊಮ್ಮೆ ಅಂದ. ಬಸ್ಸಿನ ಹಾರನ್ನಿಗೆ ಬೆಚ್ಚಿ ಆಟೋ ಕೆಳಗೆ ನುಸುಳಿದ. ಸುತ್ತ ನಿಂತ ಹುಡುಗರು ಹೋ ಅಂದರು.

ಡ್ರೈವರ್‌ಗೆ ಸಿಟ್ಟು ಬರಲಿಲ್ಲ. “ಅಲ್ಲಿ ಕಲಿತಿದ್ದು ಅಲ್ಲಿಗೇ ಸಾರ್. ಜಾಗ ಬದಲಾದ್ರೆ ಮೊದಲಿಂದ ಶುರು.” ನಿಜ. ಘಟ್ಟದ ಮೇಲೆ ಕಲಿತ ‘ಶರಣು’ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಾಯಿಗೆ ಬೇರೆಯೇ ಪಾಠ. ಅದು ಹಟವಲ್ಲ. ದೂರದ ಗೋಡೆ ಪಕ್ಕಕ್ಕೆ ಕರೆದೊಯ್ದು, ಮೊಟ್ಟೆ ಚೂರನ್ನು ಮೂಗಿನಿಂದ ಮುಂಗಾಲಿನ ನಡುವೆ ಮೆಲ್ಲಗೆ ಇಳಿಸಿದ. ಮೂಗು ಇಳಿಯಿತು, ಒಂದು ಮೊಣಕೈ ಬಗ್ಗಿತು. “ಭಲೇ!” ಅರ್ಧಕ್ಕೇ ಕೂಲಿ.

ಟೀ ಅಂಗಡಿ ಅಮ್ಮ ಸೌಟು ಹಿಡಿದು ನೋಡುತ್ತಿದ್ದರು. ಮುಖದಲ್ಲಿ ನಗು ಇರಲಿಲ್ಲ. ಅವರ ಮೊಮ್ಮಗನಿಗೆ ಹೋದ ವರ್ಷ ಬೀದಿನಾಯಿ ಕಚ್ಚಿತ್ತು. ಸೋಪು ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಓಡಿದ್ದರು. ಚುಚ್ಚುಮದ್ದು ಮುಗಿಯೋ ತನಕ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲವಂತೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೆಂದೇ ಲೆಕ್ಕ. ಆ ಅಮ್ಮನ ಭಯವನ್ನು ಯಾವ ಸಿನಿಮಾ ತೋರಿಸಿದೆ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯತಾಣಕ್ಕೆ ಕಳಿಸಬೇಕು, ಅದೇ ಜಾಗಕ್ಕೆ ವಾಪಸ್ ಬಿಡಬಾರದು ಅಂತ. ಡ್ರೈವರ್ ಅದನ್ನು ಮೊಬೈಲಿನಲ್ಲಿ ಓದಿದ್ದ. ಪಶು ಆಸ್ಪತ್ರೆಯ ಲಸಿಕೆ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಟೋದಲ್ಲೇ ಇಟ್ಟುಕೊಂಡಿದ್ದಾನೆ, ಲೈಸೆನ್ಸಿನ ಜೊತೆಗೆ. “ಇವನ ಒಡಹುಟ್ಟಿದ ಎರಡು ಇನ್ನೂ ಇಲ್ಲೇ ಹಿಂದ್ಗಡೆ ಅವೆ ಸಾರ್. ಅವಕ್ಕೆ ಚೀಟಿ ಇಲ್ಲ” ಅಂದು ಸುಮ್ಮನಾದ.

ಮೂರನೇ ಸಲಕ್ಕೆ ಎರಡು ಮೊಣಕೈಯೂ ನೆಲ ಮುಟ್ಟಿದವು. ಹುಡುಗರು ಸಿಳ್ಳೆ ಹಾಕಿದರು. ಅಮ್ಮ ಸೌಟು ತಿರುಗಿಸುತ್ತಾ, “ನಮಸ್ಕಾರ ಮಾಡ್ಲಿ, ಮಾಡ್ದೆ ಇರ್ಲಿ, ಹಗ್ಗ ಮಾತ್ರ ಬಿಡಬೇಡಪ್ಪಾ” ಅಂದರು.

“ಬಿಡಲ್ಲಮ್ಮ” ಅಂದ ಡ್ರೈವರ್. ಹಗ್ಗವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಉಳಿದ ಮೊಟ್ಟೆಯನ್ನೆಲ್ಲ ಕೆಂಚನಿಗೆ ಕೊಟ್ಟು, ನನ್ನ ಕಡೆ ತಿರುಗಿದ: “ಇವತ್ತಿಗೆ ಪ್ಯಾಕಪ್ ಸಾರ್!”