ಮಾಗಡಿ ಕೆರೆಯ ದೂರದ ಅತಿಥಿಗಳು

ಕೆರೆ ಕಟ್ಟಿಸುವುದು ನಮ್ಮ ನಾಡಿನಲ್ಲಿ ಎಂದೂ ಕೇವಲ ನೀರಾವರಿಯ ಕೆಲಸವಾಗಿರಲಿಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ತೋಡಿಸುವುದನ್ನು ಲೋಕಹಿತದ ಕಾಯಕವೆಂದೇ ಕೈಗೊಂಡರು. ಅಂತಹ ಕೆರೆಯ ನೀರು ಕಟ್ಟಿದವನ ಹೊಲಕ್ಕಷ್ಟೇ ಸಲ್ಲುವುದಿಲ್ಲ. ದಾರಿಹೋಕನಿಗೂ ದನಕರುಗಳಿಗೂ ಸಲ್ಲುತ್ತದೆ. ಅದು ಹಿಮಾಲಯದ ಆಚೆಯಿಂದ ಬರುವ ಹಕ್ಕಿಗಳಿಗೂ ಸಲ್ಲುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿಗೆ ಹೋಗಬೇಕು.

ಇದು ಬೆಂಗಳೂರಿನ ಸಮೀಪದ ಕೆಂಪೇಗೌಡರ ಮಾಗಡಿಯಲ್ಲ. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿ. ಗದಗದಿಂದ ಸುಮಾರು 26 ಕಿಲೋಮೀಟರು. ಶರಣ ಆದಯ್ಯನವರ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಇಲ್ಲಿಗೆ ಹತ್ತಿರ. ಮಳೆಯ ನೀರನ್ನು ಹಿಡಿದಿಟ್ಟು ಹೊಲಗಳಿಗೆ ಹಾಯಿಸಲೆಂದು ಮನುಷ್ಯರೇ ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರು. ಇಂದು ಇದು ಸಂರಕ್ಷಿತ ಪ್ರದೇಶ. 2024ರ ಜನವರಿಯಲ್ಲಿ ಅಂಕಸಮುದ್ರ ಹಾಗೂ ಅಘನಾಶಿನಿ ಅಳಿವೆಯೊಂದಿಗೆ ಇದು ರಾಮ್ಸಾರ್ ಪಟ್ಟಿಗೂ ಸೇರಿತು. ಇರಾನಿನ ರಾಮ್ಸಾರ್ ನಗರದಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮಹತ್ವದ ಜೌಗು ನೆಲಗಳನ್ನು ಗುರುತಿಸುವ ಪಟ್ಟಿಯದು.

ನಮ್ಮ ಬಡಾವಣೆಯ ಏಳೆಂಟು ಮನೆಗಳವರು ಸೇರಿ ಜನವರಿಯ ಒಂದು ಭಾನುವಾರ ಇಲ್ಲಿಗೆ ಪ್ರವಾಸ ಕೈಗೊಂಡೆವು. ನಸುಕಿನಲ್ಲಿಯೇ ಲಿಂಗಪೂಜೆ ಮುಗಿಸಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಟೆವು. ಇಡೀ ತಂಡಕ್ಕೆ ಇದ್ದುದು ಎರಡೇ ದುರ್ಬೀನು. ಏರಿಯ ಮೇಲೆ ಕಾಲಿಟ್ಟಾಗ ಇನ್ನೂ ಮಂಜು ಕರಗಿರಲಿಲ್ಲ. ಮೊದಲು ಕೇಳಿಬಂದದ್ದು ಧ್ವನಿ. ಜಾತ್ರೆಯ ಜನಜಂಗುಳಿಯನ್ನು ದೂರದಿಂದ ಕೇಳಿದಂತೆ. ಸ್ವಲ್ಪ ಹೊತ್ತಿಗೆ ಪೂರ್ವದ ಹೊಲಗಳ ಕಡೆಯಿಂದ ಬಾತುಗಳ ಸಾಲುಗಳು ಒಂದರ ಹಿಂದೊಂದು ತೇಲಿ ಬಂದು ನೀರಿಗಿಳಿದವು. ಹುಡುಗರು ಎಣಿಸಲು ತೊಡಗಿ ಮುನ್ನೂರಕ್ಕೆ ಸೋತು ಕೈಬಿಟ್ಟರು.

ಇವೇ ಪಟ್ಟೆತಲೆಯ ಹೆಬ್ಬಾತುಗಳು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಮೊದಲಾದ ಎತ್ತರದ ನಾಡುಗಳಲ್ಲಿ ಮರಿ ಮಾಡಿ, ಅಲ್ಲಿ ಹಿಮ ಕವಿಯುವಾಗ ದಕ್ಷಿಣಕ್ಕೆ ಹೊರಡುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದಲ್ಲಿ ಕಾಣಿಸಿಕೊಂಡಿವೆ. ಹಿಮಾಲಯವನ್ನು ದಾಟುವಾಗ ಅವು ಬಹುಮಟ್ಟಿಗೆ ಕಣಿವೆಗಳ ಹಾದಿಯನ್ನೇ ಹಿಡಿಯುತ್ತವೆ. ಆದರೂ 7,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದ ದಾಖಲೆ ಉಂಟು. ಅಲ್ಲಿನ ತೆಳುವಾದ ಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳಬಲ್ಲ ಗುಣ ಅವುಗಳ ರಕ್ತಕ್ಕಿದೆ. ಮಾಗಡಿಗೆ ವರ್ಷಕ್ಕೆ ಸುಮಾರು 8,000 ಹೆಬ್ಬಾತುಗಳು ಬರುತ್ತವೆಂದು ಲೆಕ್ಕ. ದಕ್ಷಿಣ ಭಾರತದಲ್ಲಿ ಅವು ಚಳಿಗಾಲ ಕಳೆಯುವ ಬಹು ದೊಡ್ಡ ತಾಣಗಳಲ್ಲಿ ಇದೊಂದು.

ಹೆಬ್ಬಾತುಗಳಷ್ಟೇ ಅಲ್ಲ. 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. ಅವುಗಳಲ್ಲಿ 130 ವಲಸೆಯವು. ಕೆಸರಿನಲ್ಲಿ ಉದ್ದನೆಯ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ದಡದಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರಿನ ನಡುವೆ ನಾಮದ ಕೋಳಿ, ಹೀಗೆ ಒಂದೊಂದನ್ನೇ ಗುರುತಿಸುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಾವ್ಯಗಳಲ್ಲಿ ಮಾತ್ರ ಓದಿದ್ದ ಚಕ್ರವಾಕದ ಜೋಡಿಯೊಂದು ಆಚೆ ದಡದಲ್ಲಿ ಹೊಂಬಣ್ಣದಿಂದ ಹೊಳೆಯುತ್ತಿತ್ತು.

ಇಷ್ಟರಲ್ಲಿ ಹುಡುಗನೊಬ್ಬ ಬಾತುಗಳು ಒಮ್ಮೆಲೇ ಹಾರುವುದನ್ನು ನೋಡುವಾಸೆಯಿಂದ ಚಪ್ಪಾಳೆ ತಟ್ಟಲು ಕೈಯೆತ್ತಿದ. ನಮ್ಮೊಡನಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಮೆಲ್ಲನೆ ಆ ಕೈ ಹಿಡಿದರು. “ಮಾರ್ಚ್ ಹೊತ್ತಿಗೆ ಇವು ಮತ್ತೆ ಹಿಮಾಲಯ ದಾಟಬೇಕಪ್ಪ. ಆ ಹಾದಿಗೆ ಬೇಕಾದ ಶಕ್ತಿಯನ್ನು ಇಲ್ಲಿಯೇ ಕೂಡಿಡಬೇಕು. ನಾವು ಒಮ್ಮೆ ಬೆದರಿಸಿದರೆ ಅಷ್ಟು ಅನ್ನ ಹಾಳು” ಎಂದರು. ಹುಡುಗನ ಕೈ ಕೆಳಗಿಳಿಯಿತು. ಅತಿಥಿಯ ಎಲೆಯಿಂದ ಅನ್ನ ಕಸಿಯಬಾರದೆಂಬುದು ನಮ್ಮ ಮನೆಯ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಆ ಅನ್ನ ಯಾರದು? ಈ ಪ್ರಶ್ನೆಯನ್ನು ನಮಗೆ ಕೇಳಿದವರು ಕೆರೆಯ ಕೆಳಗಿನ ಹೊಲದ ಹಿರಿಯ ರೈತರೊಬ್ಬರು. ಹೆಬ್ಬಾತು ಹುಲ್ಲು, ಕಾಳು, ಚಿಗುರು ತಿನ್ನುವ ಹಕ್ಕಿ. ಹಗಲು ಕೆರೆಯಲ್ಲಿ ವಿರಮಿಸಿ, ಸಂಜೆ ಮತ್ತು ನಸುಕಿನಲ್ಲಿ ಹೊಲಗಳಿಗಿಳಿಯುತ್ತದೆ. ಶೇಂಗಾ ಕಿತ್ತ ನೆಲದಲ್ಲಿ ಉಳಿದ ಕಾಯಿ ತಿಂದರೆ ನಷ್ಟವಿಲ್ಲ; ಎಳೆಯ ಪೈರಿಗೆ ಬಾಯಿಟ್ಟರೆ ನಷ್ಟವೇ. “ನೋಡಾಕ ಬರೋರು ಭಾಳ ಮಂದಿ ಅದಾರ್ರಿ. ಬೆಳಿ ಎಷ್ಟು ಹೋತು ಅಂತ ಕೇಳೋರು ಕಡಿಮಿ” ಎಂದರು ಅವರು. “ಹಂಗಂತ ಕಲ್ಲು ಒಗಿಯಾಕ ಮನಸ್ಸು ಬರಂಗಿಲ್ಲ. ಅಷ್ಟು ದೂರದಿಂದ ಬಂದಾವು, ಅವೂ ಉಣಬೇಕಲ್ರಿ.” ಅವುಗಳ ಹಿಕ್ಕೆ ನೆಲಕ್ಕೆ ಗೊಬ್ಬರವಾಗುವುದೆಂದೂ ಅವರೇ ಸೇರಿಸಿದರು.

ಈ ಮಾತು ಎಲ್ಲರನ್ನೂ ಚಿಂತನೆಗೆ ಹಚ್ಚಿತು. ದಾಸೋಹವೆಂದರೆ ಕಾಯಕದ ಫಲವನ್ನು ಹಂಚಿ ಉಣ್ಣುವುದು. ಕಾಗೆ ಕೋಳಿಗಳನ್ನು ನಿದರ್ಶನವಾಗಿ ತೋರಿ ಶರಣರು ಈ ತತ್ತ್ವವನ್ನು ಬೋಧಿಸಿದರು. ಮಾಗಡಿಯ ಒಕ್ಕಲಿಗರು ಯಾವ ಫಲಕವನ್ನೂ ಹಾಕಿಕೊಳ್ಳದೆ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಸ್ಥಾವರವಾದ ಕೆರೆ ಅವರದು, ಜಂಗಮವಾದ ಹಕ್ಕಿ ಜಗತ್ತಿನದು. ಹಕ್ಕಿಯ ಹಿರಿಮೆಯಲ್ಲಿ ಪಾಲು ಬಯಸುವ ನಾವು ಅದರ ಊಟದ ಭಾರದಲ್ಲಿಯೂ ಪಾಲು ಹೊರಬೇಡವೆ?

ಭಾರ ಹೊರುವ ದಾರಿಗಳು ಸಣ್ಣವೇ. ಅಂದು ನಮ್ಮ ತಾಯಂದಿರು ಆ ರೈತರಿಂದಲೇ, ಚೌಕಾಶಿ ಮಾಡದೆ, ಮನೆಮನೆಗೂ ಶೇಂಗಾ ಕೊಂಡರು. ಬುತ್ತಿಯನ್ನು ಏರಿಯಿಂದ ದೂರ ಬಿಚ್ಚಿ, ಒಂದು ಚೂರು ಪ್ಲಾಸ್ಟಿಕ್ಕೂ ಉಳಿಯದಂತೆ ಆಯ್ದು ತಂದೆವು. ಇನ್ನು ಹೊಲಮನೆ ಉಳ್ಳವರು ಮಾಡಬೇಕಾದದ್ದೂ ಇದೆ: ಸುತ್ತಲ ಹೊಲಗಳಿಗೆ ಸುರಿದ ರಾಸಾಯನಿಕ ಗೊಬ್ಬರ, ಕೀಟನಾಶಕಗಳು ಮಳೆನೀರಿನೊಡನೆ ಹರಿದು ಕೊನೆಗೆ ಸೇರುವುದು ಕೆರೆಯನ್ನೇ. ಇದು ಮಾಗಡಿಗೆ ಮಾತ್ರವಲ್ಲ, ನಮ್ಮ ನಮ್ಮ ಊರಿನ ಕೆರೆಗೂ ಅನ್ವಯಿಸುವ ಮಾತು.

ನವೆಂಬರದಿಂದ ಫೆಬ್ರವರಿಯವರೆಗೆ ಇಲ್ಲಿಗೆ ಹೋಗಲು ಪ್ರಶಸ್ತ ಕಾಲ. ಸೂರ್ಯೋದಯಕ್ಕೆ ಮುನ್ನವೇ ತಲುಪಿರಿ; ಕಡು ಬಣ್ಣದ ಉಡುಪು, ಧ್ವನಿವರ್ಧಕ ಬೇಡ. ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಹಕ್ಕಿಗಳು ಬೇರೆ ನೀರನ್ನು ಅರಸಿ ಹೋಗುವುದುಂಟು. ಆದುದರಿಂದ ಮೊದಲೇ ಊರವರಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಹಕ್ಕಿಗಳನ್ನು ತೋರಿಸಿದ ಮೇಲೆ, ಅವಕ್ಕೆ ಅನ್ನವಿಕ್ಕಿದ ಹೊಲಗಳನ್ನೂ ತೋರಿಸಿರಿ.